ಹಳೆಯ ಲ್ಯಾಪ್‌ಟಾಪಿಗೆ ಕಲಾಯಿ

2025ರ ಅಕ್ಟೋಬರ್ 14ನೆಯ ತಾರೀಖು ಜಗತ್ತಿನ ಅಸಂಖ್ಯಾತ ಗಣಕಯಂತ್ರಗಳಿಗೆ ಒಂದೇ ದಿನ ಮುಪ್ಪು ಬಂದಿತು. ಹಿಂದಿನ ರಾತ್ರಿ ನೆಟ್ಟಗೆ ಕೆಲಸ ಮಾಡುತ್ತಿದ್ದ ಯಂತ್ರ ಮರುದಿನವೂ ನೆಟ್ಟಗೇ ಕೆಲಸ ಮಾಡಿತೆನ್ನಿ. ಆದರೆ ಅದರ ಮನೆವಾರ್ತೆಯನ್ನೆಲ್ಲ ನೋಡಿಕೊಳ್ಳುತ್ತಿದ್ದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ಉಚಿತವಾಗಿ ಒದಗಿಸುತ್ತಿದ್ದ ತಿದ್ದುಪಡಿಗಳು, ಹೆಸರು ನೋಂದಾಯಿಸಿಕೊಂಡವರಿಗೆ ಸಿಕ್ಕ ಒಂದು ವರ್ಷದ ಸಾವಕಾಶವನ್ನು ಬಿಟ್ಟರೆ, ಅಂದಿಗೆ ನಿಂತುಹೋದವು. ಅದರ ಮುಂದಿನ ಅವತಾರವಾದ ವಿಂಡೋಸ್ 11 ಬಂದದ್ದು 2021ರಲ್ಲಿ; ಅದು ಎಲ್ಲ ಮನೆಗಳಲ್ಲಿಯೂ ಕಾಲಿಡುವುದಿಲ್ಲ. ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡು ಯಂತ್ರದಲ್ಲಿರಬೇಕು. ಸಂಸ್ಕಾರಕವು ಇಂಟೆಲ್ ಸಂಸ್ಥೆಯದಾದರೆ, ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಆಗಿರಬೇಕು. ಇವಿಲ್ಲದ ಯಂತ್ರಗಳು ಕೈಕಾಲು ಗಟ್ಟಿಯಿದ್ದೂ ನಿವೃತ್ತಿಯ ಆಜ್ಞೆ ಪಡೆದ ನೌಕರರಂತೆ ಅಟ್ಟ ಸೇರತೊಡಗಿದವು.

ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳಿದ್ದ ಕಾಲದಲ್ಲಿ, ಒಳಗಿನ ಕಲಾಯಿ ಸವೆದುಹೋಯಿತೆಂದು ಪಾತ್ರೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಸವೆದ ಪಾತ್ರೆಯಲ್ಲಿ ಹುಳಿ ಕಿಲುಬುತ್ತದೆ, ನಿಜ. ಅದಕ್ಕೆ ಕಲಾಯಿಯವನು ಬರುವವರೆಗೆ ಕಾಯುತ್ತಿದ್ದರು. ಅವನು ಬಂದು, ತಿದಿಯೊತ್ತಿ, ನವಸಾಗರ ಎರಚಿ, ತವರ ಸವರಿದನೆಂದರೆ ಅದೇ ಪಾತ್ರೆ ಮತ್ತೆ ಬೆಳ್ಳಿಯಂತೆ ಹೊಳೆದು ಅಡುಗೆಮನೆ ಸೇರುತ್ತಿತ್ತು. ಪಾತ್ರೆಯ ಮೈ ಬೇರೆ, ಅದರ ಒಳಲೇಪ ಬೇರೆ ಎಂಬ ವಿವೇಕ ಆ ಗೃಹಿಣಿಯರಿಗೆ ಇತ್ತು. ಲ್ಯಾಪ್‌ಟಾಪಿನ ವಿಷಯದಲ್ಲಿಯೂ ಈ ವಿವೇಕ ನಡೆಯುತ್ತದೆ. ಅದರಲ್ಲೂ ಆ ಯಂತ್ರ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ಮಗುವಿನ ಕೈಗೆ ಹೋಗುವುದಾದರೆ ಚೆನ್ನಾಗಿ ನಡೆಯುತ್ತದೆ ಎಂಬುದನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಕನ್ನಡ ಪಾಠ ಹೇಳಿ ಬದುಕಿದವನು. ಆದರೂ ಈ ಕೆಲಸವನ್ನು ಕೈಯಾರೆ ಮಾಡಿ ನೋಡಿದ್ದೇನೆ.

ನನ್ನ ತಂಗಿಯ ಮಗಳು ಏಳನೆಯ ತರಗತಿಯಲ್ಲಿ ಓದುತ್ತಾಳೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಪರಿಚಯ ಆಗಬೇಕೆಂಬ ಮಾತಿದೆ. ಆ ನೀತಿಯ ಗಾಳಿ ಬೀಸಿದಂದಿನಿಂದ ಮಕ್ಕಳ ತಂದೆತಾಯಿಗಳಿಗೆ ನೆಮ್ಮದಿಯಿಲ್ಲ. ಶಾಲೆಯಲ್ಲಿ ವಾರಕ್ಕೆ ಒಂದು ತಾಸು ಮೂವರಿಗೆ ಒಂದು ಗಣಕ. ಮನೆಯಲ್ಲಿ ಅಭ್ಯಾಸವಿಲ್ಲದೆ ವಿದ್ಯೆ ನಿಲ್ಲದು. ಭಾವಮೈದುನನದು ಸಣ್ಣ ಅಂಗಡಿ. ಕಂತಿನ ಮೇಲೆ ಐವತ್ತು ಸಾವಿರದ ಹೊಸ ಯಂತ್ರ ತರುವುದೆಂದು ಗಂಡಹೆಂಡಿರು ನಿಶ್ಚಯಿಸಿ, ಮೊದಲ ಕಂತಿಗೆ ತಂಗಿಯ ಬಳೆಯ ಮೇಲೆ ಸಾಲ ತೆಗೆಯುವವರೆಗೆ ಮಾತು ಹೋಗಿತ್ತು. ಅದೇ ಮನೆಯ ಅಟ್ಟದಲ್ಲಿ, ಅವರೇ ಲೆಕ್ಕಪತ್ರಕ್ಕೆಂದು ಹಿಂದೆ ಕೊಂಡಿದ್ದ 2011ರ ಥಿಂಕ್‌ಪ್ಯಾಡ್ ಎಕ್ಸ್220 ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಗುಂಡಿ ಒತ್ತಿದರೆ ಎದ್ದು ಕೂರಲು ನಾಲ್ಕೈದು ನಿಮಿಷ. ಒಂದು ಕಡತ ತೆರೆಯಲು ಮತ್ತೊಂದು ನಿಮಿಷ. ಅದನ್ನೇ ಸರಿಪಡಿಸೋಣವೆಂದಾಗ ಭಾವಮೈದುನ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: “ಭಾವ, ದುಡ್ಡಿನ ಮಾತಲ್ಲ. ಮಿಕ್ಕ ಮಕ್ಕಳ ಕೈಯಲ್ಲಿ ಹೊಸದಿರುವಾಗ ಇವಳಿಗೆ ಅಟ್ಟದ ಸಾಮಾನು ಕೊಟ್ಟೆವು ಅಂತ ಆಗಬಾರದು.” ಇದು ತಳ್ಳಿಹಾಕುವ ಮಾತಲ್ಲ. ಮಗುವಿಗೆ ಕೊಡುವ ವಸ್ತುವಿನಲ್ಲಿ ಮಗುವಿನ ಮಾನವೂ ಇರುತ್ತದೆ. ಆದ್ದರಿಂದ ನಾನು ಕೇಳಿಕೊಂಡದ್ದು ಇಷ್ಟೆ: ಹದಿನೈದು ದಿನ ಅವಕಾಶ ಕೊಡಿ, ಯಂತ್ರ ಚುರುಕಾಗದಿದ್ದರೆ ಬಳೆಯ ವಿಚಾರ ಆಗ ನೋಡೋಣ.

ಮುದಿ ಲ್ಯಾಪ್‌ಟಾಪು ಏಕೆ ನಿಧಾನವಾಗುತ್ತದೆ? ಅದರ ಬುದ್ಧಿ ಮಂದವಾಯಿತೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಸಂಸ್ಕಾರಕವೆಂಬ ಅದರ ಬುದ್ಧಿ ಸವೆಯುವ ವಸ್ತುವಲ್ಲ. ಹದಿನಾಲ್ಕು ವರ್ಷದ ಹಿಂದೆ ಎಷ್ಟು ವೇಗವಾಗಿ ಕೂಡಿ ಕಳೆಯುತ್ತಿತ್ತೋ ಈಗಲೂ ಅಷ್ಟೇ ವೇಗ. ಮೈಯಲ್ಲಿ ಧೂಳು ತುಂಬಿ ಬಿಸಿಯೇರಿದರೆ ತನ್ನನ್ನು ಕಾಪಾಡಿಕೊಳ್ಳಲು ತುಸು ನಿಧಾನವಾಗುತ್ತದೆ, ಅದು ಬೇರೆ ಮಾತು. ನಿಜವಾಗಿ ತಡ ಮಾಡುವವರು ಇಬ್ಬರು ಪರಿಚಾರಕರು: ಹಾರ್ಡ್ ಡಿಸ್ಕ್ ಎಂಬ ಉಗ್ರಾಣದವನು, ರ್‍ಯಾಮ್ ಎಂಬ ಮೇಜಿನವನು.

ದೊಡ್ಡ ಗ್ರಂಥಾಲಯವೊಂದರಲ್ಲಿ ಕುಳಿತು ಓದುವುದನ್ನು ನೆನೆಸಿಕೊಳ್ಳಿ. ಓದುಗನ ಮುಂದೆ ಮೇಜಿದೆ. ಪುಸ್ತಕಗಳೆಲ್ಲ ಹಿಂದಿನ ಕೋಣೆಯ ಕಪಾಟುಗಳಲ್ಲಿವೆ. ಚೀಟಿ ಬರೆದು ಕೊಟ್ಟರೆ ಪರಿಚಾರಕ ಹೋಗಿ ಪುಸ್ತಕ ತರುತ್ತಾನೆ. ಓದುಗ ಎಷ್ಟು ವೇಗವಾಗಿ ಓದುವವನಾದರೇನು, ಪುಸ್ತಕ ಬರುವ ತನಕ ಕೈಕಟ್ಟಿ ಕೂರಲೇಬೇಕು. ಹಳೆಯ ಹಾರ್ಡ್ ಡಿಸ್ಕು ನಿಜಕ್ಕೂ ತಿರುಗುವ ತಟ್ಟೆ. ನಮ್ಮ ಯಂತ್ರದಲ್ಲಿದ್ದುದು ನಿಮಿಷಕ್ಕೆ 7200 ಸುತ್ತು ಸುತ್ತುವಂಥದು. ಗ್ರಾಮಾಫೋನಿನ ಮುಳ್ಳಿನ ಹಾಗೆ ಒಂದು ತೋಳು ತಟ್ಟೆಯ ಮೇಲೆ ಅತ್ತಿತ್ತ ಸರಿದು, ಬೇಕಾದ ಜಾಗ ತನ್ನಡಿಗೆ ಬರುವವರೆಗೆ ಕಾದು, ಆ ಮೇಲೆ ಓದಬೇಕು. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲು. ಸರಾಸರಿ ಅರ್ಧ ಸುತ್ತು ಕಾಯಬೇಕೆಂದರೆ ನಾಲ್ಕು ಪಾಲು. ತೋಳು ಸರಿಯಲು ಮತ್ತೆ ಹತ್ತು ಹನ್ನೆರಡು ಪಾಲು. ಅಲ್ಲಿಗೆ ಚದುರಿದ ಕಡತಗಳನ್ನು ಆರಿಸಿ ತರುವ ಕೆಲಸದಲ್ಲಿ ಸೆಕೆಂಡಿಗೆ ಅರವತ್ತೆಪ್ಪತ್ತು ಬಾರಿಗಿಂತ ಹೆಚ್ಚು ಓಡಾಡಲು ಅದಕ್ಕೆ ಸಾಧ್ಯವಿಲ್ಲ. ನಮ್ಮ ಕಿವಿಗೆ ಅದೂ ಮಿಂಚಿನ ವೇಗವೇ. ಆದರೆ ಯಂತ್ರ ಎಚ್ಚರಗೊಳ್ಳುವಾಗ ಇಂಥ ಚೀಟಿಗಳು ಸಾವಿರಗಟ್ಟಲೆ ಬರುತ್ತವೆ. ಎಸ್.ಎಸ್.ಡಿ. ಎಂಬ ಹೊಸ ಬಗೆಯ ಉಗ್ರಾಣದಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಎಲ್ಲವೂ ವಿದ್ಯುತ್ತಿನ ಸಂಕೇತ. ಅದು ಅದೇ ಸೆಕೆಂಡಿನಲ್ಲಿ ಸಾವಿರಾರು ಚೀಟಿಗಳಿಗೆ ಉತ್ತರ ಕೊಡುತ್ತದೆ. ಹಳೆಯ ಯಂತ್ರಕ್ಕೆ ಒಂದೇ ಒಂದು ಉಪಕಾರ ಮಾಡಲು ನಿಮ್ಮ ಕೈಯಲ್ಲಿ ಹಣವಿದ್ದರೆ ಇದೊಂದನ್ನು ಮಾಡಿ. ಮಿಕ್ಕದ್ದೆಲ್ಲ ಇದರ ಮುಂದೆ ಗೌಣ.

ಮೇಜಿನ ಸಂಗತಿ ಬೇಗ ಹೇಳಿ ಮುಗಿಸಬಹುದು. ಮೇಜು ಚಿಕ್ಕದಾದರೆ ಹೊಸ ಪುಸ್ತಕ ಇಡಲು ಹಳೆಯದೊಂದನ್ನು ಕಪಾಟಿಗೆ ಹಿಂದಿರುಗಿಸಬೇಕು. ಮತ್ತೆ ಅದೇ ಬೇಕಾದಾಗ ಮತ್ತೆ ತರಿಸಬೇಕು. ರ್‍ಯಾಮ್ ಸಾಲದ ಯಂತ್ರ ಇದೇ ಪರದಾಟದಲ್ಲಿರುತ್ತದೆ. ನಮ್ಮದರಲ್ಲಿ 4 ಜಿ.ಬಿ.ಯ ಒಂದು ಹಲಗೆ ಇತ್ತು, ಪಕ್ಕದ ಗೂಡು ಖಾಲಿ ಇತ್ತು. ಅಲ್ಲಿಗೆ ಇನ್ನೊಂದು 4 ಜಿ.ಬಿ. ಸೇರಿಸಿದರೆ ಸಾಕಾಯಿತು. ಇಷ್ಟರಲ್ಲಿ ಅಂತರಜಾಲದ ನಾಲ್ಕಾರು ಪುಟ, ಒಂದು ಪಠ್ಯ ಸಂಪಾದಕ, ಮಗು ಬರೆದ ಪ್ರೋಗ್ರಾಮು ಎಲ್ಲ ಜಗಳವಿಲ್ಲದೆ ಕೂರುತ್ತವೆ.

ಸಾಮಾನು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಆ ಇಕ್ಕಟ್ಟಿನ ರಸ್ತೆಯಲ್ಲಿ ಸಿಕ್ಕದ ಬಿಡಿಭಾಗವಿಲ್ಲ; ಆದರೆ ನಮಗೆ ಬೇಕಾದದ್ದು ಯಾವುದೆಂದು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗದವನು ಅಲ್ಲಿ ಕಳೆದುಹೋಗುತ್ತಾನೆ. ಈ ಯಂತ್ರ ಬೇಡುವುದು ಡಿ.ಡಿ.ಆರ್.3 ಎಂಬ ಪೀಳಿಗೆಯ ಲ್ಯಾಪ್‌ಟಾಪ್ ರ್‍ಯಾಮು. ಅದಕ್ಕಿಂತ ಈಚಿನ ಡಿ.ಡಿ.ಆರ್.4 ಹೆಚ್ಚು ಚುರುಕೆಂದು ಆಸೆಪಟ್ಟು ತಂದರೆ ಗೂಡಿನೊಳಗೇ ಹೋಗುವುದಿಲ್ಲ. ಎರಡರ ಕಚ್ಚು ಬೇರೆ ಬೇರೆ ಸ್ಥಳದಲ್ಲಿದೆ, ಅವು ಕುಡಿಯುವ ವಿದ್ಯುತ್ತೂ ಬೇರೆ. ಡಿಸ್ಕಿನ ವಿಷಯದಲ್ಲಿ ಎಕ್ಸ್220ಕ್ಕೆ ಇನ್ನೊಂದು ಕಟ್ಟುಪಾಡು ಇದೆ: ಎರಡೂವರೆ ಅಂಗುಲದ ಸಾಟಾ ಡಿಸ್ಕು 7 ಮಿಲಿಮೀಟರಿಗಿಂತ ದಪ್ಪ ಇರಕೂಡದು. ಈಗ ಬರುವ ಎಸ್.ಎಸ್.ಡಿ.ಗಳು ಬಹುಮಟ್ಟಿಗೆ ಆ ಅಳತೆಯವೇ. 256 ಜಿ.ಬಿ.ಯದೊಂದನ್ನೂ, ಯಾರೋ ಬಳಸಿ ಬಿಟ್ಟ ರ್‍ಯಾಮಿನ ಹಲಗೆಯೊಂದನ್ನೂ ಕೊಂಡೆ. ಪೆನ್‌ಡ್ರೈವು, ಬಸ್ ಚಾರ್ಜು, ನಡುವೆ ಕುಡಿದ ಕಾಫಿ ಸೇರಿ ನಾಲ್ಕು ಸಾವಿರ ಮೀರಲಿಲ್ಲ. ಬಿಡಿಭಾಗಗಳ ಬೆಲೆ ಚಿನ್ನದ ಹಾಗೆ ಏರುತ್ತದೆ, ಇಳಿಯುತ್ತದೆ. ನನ್ನ ಲೆಕ್ಕವನ್ನು ಹಿಡಿದುಕೊಂಡು ಯಾರೂ ಅಂಗಡಿಯವನೊಡನೆ ವಾದಕ್ಕೆ ನಿಲ್ಲಬಾರದು.

ಇನ್ನು ಶಸ್ತ್ರಚಿಕಿತ್ಸೆ. ಅದನ್ನು ಅಂಗಡಿಯಲ್ಲಿ ಮಾಡಿಸಬಹುದಿತ್ತು. ನಾನು ಬೇಕೆಂದೇ ಮಾಡಿಸಲಿಲ್ಲ. ಪುಸ್ತಕವನ್ನು ಓದುವ ಮೊದಲು ಅದರ ಹೊಲಿಗೆಯನ್ನು ಕಂಡ ಮಗುವಿಗೆ ಪುಸ್ತಕದ ಮೇಲೆ ಬೇರೊಂದು ಬಗೆಯ ಅಕ್ಕರೆ ಹುಟ್ಟುತ್ತದೆ. ಆದ್ದರಿಂದ ಸ್ಕ್ರೂಡ್ರೈವರು ಹುಡುಗಿಯ ಕೈಯಲ್ಲಿ; ದೀಪ ಹಿಡಿಯುವ ಕೆಲಸ ನನ್ನದು; ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆಬೇರೆಯಾಗಿ ಕಾಯುವ ಕೆಲಸ ಅವಳ ತಾಯಿಯದು. ಮೊದಲು ವಿದ್ಯುತ್ತಿನ ತಂತಿ ತೆಗೆದು, ಬ್ಯಾಟರಿಯನ್ನೂ ಕಳಚಿ ಪಕ್ಕಕ್ಕಿಟ್ಟೆವು. ಈ ಯಂತ್ರದಲ್ಲಿ ಬ್ಯಾಟರಿ ಹಿಂಬದಿಯಿಂದ ಚಿಲಕ ಸರಿಸಿದರೆ ಈಚೆಗೆ ಬರುತ್ತದೆ. ಮೈಯಲ್ಲಿ ಸೇರಿರುವ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಹಾನಿ ಮಾಡೀತೆಂದು ಕೈಯನ್ನು ಒಮ್ಮೆ ಕಿಟಕಿಯ ಕಬ್ಬಿಣದ ಸರಳಿಗೆ ಮುಟ್ಟಿಸಿಕೊಂಡೆವು. ಉಣ್ಣೆಯ ಶಾಲು ಹೊದ್ದು ಈ ಕೆಲಸಕ್ಕೆ ಕೂರಬಾರದು. ಪಕ್ಕದ ಸಣ್ಣ ಮುಚ್ಚಳ ತೆಗೆದು ಪಟ್ಟಿ ಹಿಡಿದೆಳೆದರೆ ಹಳೆಯ ಡಿಸ್ಕು ಮೇಜಿನ ಖಾನೆಯಂತೆ ಜಾರಿಬಂತು. ಅದರ ಅಂಚಿನ ರಬ್ಬರಿನ ಕವಚಗಳನ್ನು ಹೊಸದಕ್ಕೆ ತೊಡಿಸಿ ಅದೇ ದಾರಿಯಲ್ಲಿ ಒಳಗೆ ತಳ್ಳಿದ್ದಾಯಿತು. ತಳದ ಮುಚ್ಚಳ ತೆಗೆದರೆ ರ್‍ಯಾಮಿನ ಗೂಡುಗಳು. ಹಲಗೆಯನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಎರಡು ಬದಿಯ ಕೊಂಡಿಗಳು ಟಕ್ಕೆಂದು ಹಿಡಿದುಕೊಳ್ಳುತ್ತವೆ. ಆ ಸದ್ದು ಬಂದಾಗ ಹುಡುಗಿಯ ಮುಖ ನೋಡಬೇಕಿತ್ತು.

ಇಷ್ಟು ಸುಲಭವಾದುದಕ್ಕೆ ಕಾರಣವುಂಟು. ಈ ಬಗೆಯ ಯಂತ್ರಗಳನ್ನು ಕಟ್ಟಿದ ಕಾಲದಲ್ಲಿ, ಇವನ್ನು ಮುಂದೆ ಯಾರೋ ಬಿಚ್ಚಬೇಕಾಗುತ್ತದೆ ಎಂಬ ಮುಂದಾಲೋಚನೆ ಕಟ್ಟಿದವರಲ್ಲಿತ್ತು. ಯಾವ ಸ್ಕ್ರೂ ತೆಗೆದರೆ ಕೀಲಿಮಣೆ ಏಳುತ್ತದೆಂಬುದಕ್ಕೆ ತಳದಲ್ಲೇ ಪುಟ್ಟ ಚಿತ್ರದ ಗುರುತಿದೆ. ಬಿಚ್ಚುವ ಕ್ರಮವನ್ನು ಹಂತಹಂತವಾಗಿ ಚಿತ್ರಸಹಿತ ವಿವರಿಸುವ ಕೈಪಿಡಿಯನ್ನು ತಯಾರಕರೇ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದಾರೆ. ಈಚೆಗೆ ಬರುವ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ರ್‍ಯಾಮನ್ನು ತಾಯಿಹಲಗೆಗೇ ಬೆಸುಗೆ ಹಾಕಿಕೊಂಡು ಹುಟ್ಟುತ್ತವೆ; ಕರ್ಣನ ಕವಚದಂತೆ ಅದನ್ನು ಮೈಯಿಂದ ಕಿತ್ತೇ ತೆಗೆಯಬೇಕು. ತೆಳುವಾಗುವುದರಲ್ಲಿ ಏನು ಪುರುಷಾರ್ಥವೋ ನನಗೆ ಇನ್ನೂ ತಿಳಿದಿಲ್ಲ. ಥಿಂಕ್‌ಪ್ಯಾಡ್ ಎಂಬ ಹೆಸರೇ ಐ.ಬಿ.ಎಂ. ಸಂಸ್ಥೆ ತನ್ನ ನೌಕರರಿಗೆ ಕೊಡುತ್ತಿದ್ದ, ‘ಯೋಚಿಸು’ ಎಂಬ ಪದ ಅಚ್ಚಾದ ಕಿಸೆಪುಸ್ತಕದಿಂದ ಬಂದದ್ದು. 1992ರಲ್ಲಿ ಮೊದಲು ಬಂದ ಈ ಸಾಲಿನ ಯಂತ್ರಗಳು 2005ರಿಂದ ಲೆನೊವೊ ಸಂಸ್ಥೆಯ ಪಾಲಾಗಿವೆ. ನಮ್ಮ ಹುಡುಗಿಗೆ ಈ ಇತಿಹಾಸಕ್ಕಿಂತ ಹಿಡಿಸಿದ್ದು, ಪರದೆಯ ಮೇಲಂಚಿನಲ್ಲಿ ಅಡಗಿದ್ದು ಕೀಲಿಮಣೆಯ ಮೇಲೆ ಬೆಳಕು ಚೆಲ್ಲುವ ಪುಟ್ಟ ದೀಪ. ಹೊಸ ಯಂತ್ರಗಳಲ್ಲಿ ಅದಿಲ್ಲವೆಂದು ತಿಳಿದ ಮೇಲೆ ಅಟ್ಟದ ಸಾಮಾನಿನ ಬಗ್ಗೆ ಅವಳಿಗೆ ಕೊಂಚ ಜಂಭವೇ ಬಂದಿತು. ತಂದೆಯ ಆತಂಕದಲ್ಲಿ ಅರ್ಧ ಆ ದೀಪದಿಂದಲೇ ಹೋಯಿತೆನ್ನಬಹುದು.

ಹೊಸ ಡಿಸ್ಕು ಬರಿಯ ಹಲಗೆ. ಅದರ ಮೇಲೆ ಮೊದಲು ಓನಾಮ ಬರೆಯಬೇಕು. ಆ ಕೆಲಸಕ್ಕೆ ನಾವು ಆರಿಸಿಕೊಂಡದ್ದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿ, ಲೋಕದ ನಾನಾ ಮೂಲೆಗಳ ಜನ ಕೂಡಿ ಬೆಳೆಸಿದ ತಿರುಳು ಅದು. ಅದರ ಸುತ್ತ ಕಟ್ಟಿದ ವ್ಯವಸ್ಥೆಗಳು ಹಲವು. ಅವುಗಳಲ್ಲಿ ಲಿನಕ್ಸ್ ಮಿಂಟ್ ಒಂದು. ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ ಹಳೆಯ ಯಂತ್ರಗಳ ಮೇಲೆ ಹೆಚ್ಚು ಭಾರ ಹೇರುವುದಿಲ್ಲ. ಹಣ ಕೊಡಬೇಕಾಗಿಲ್ಲ. ಕಡತವನ್ನು ಅಂತರಜಾಲದಿಂದ ಇಳಿಸಿ, ತಕ್ಕ ಉಪಕರಣದಿಂದ ಪೆನ್‌ಡ್ರೈವಿಗೆ ಬರೆದು, ಯಂತ್ರ ಏಳುವಾಗ ಎಫ್12 ಕೀಲಿ ಒತ್ತಿ ಪೆನ್‌ಡ್ರೈವಿನಿಂದಲೇ ಎಬ್ಬಿಸಬಹುದು. ಡಿಸ್ಕನ್ನು ಮುಟ್ಟದೆಯೇ, ಪರದೆ, ಧ್ವನಿ, ವೈಫೈ ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡು, ತೃಪ್ತಿಯಾದ ಮೇಲೆ ಸ್ಥಾಪಿಸುವ ಅವಕಾಶವಿದೆ. ಹೊಸ ಸೊಸೆಯನ್ನು ನೋಡಲು ಹೋದ ಹಿರಿಯರಿಗೆ ಇಂಥ ಅನುಕೂಲ ಇರಲಿಲ್ಲ! ಹಳೆಯ ಡಿಸ್ಕಿನಲ್ಲಿ ಮನೆಯವರ ಫೋಟೋ, ಲೆಕ್ಕಪತ್ರ ಇದ್ದೀತು. ಅದನ್ನು ಅಳಿಸದೆ ಒಂದು ಡಬ್ಬಿಯಲ್ಲಿ ಜೋಪಾನವಾಗಿಡುವುದು ಕ್ಷೇಮ. ಸ್ಥಾಪನೆ ಮುಗಿದು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ, ಭಾವಮೈದುನ ಅಭ್ಯಾಸಬಲದಿಂದ ಕಾಫಿಗೆಂದು ಎದ್ದು ಒಳಗೆ ಹೋದರು. ಅಡುಗೆಮನೆಯ ಬಾಗಿಲು ತಲುಪುವಷ್ಟರಲ್ಲಿ ಮಗಳು ಕೂಗಿ ಕರೆದಳು, ಯಂತ್ರ ಎದ್ದಿತ್ತು. ಬಳೆಯ ಮಾತು ಆಮೇಲೆ ಆ ಮನೆಯಲ್ಲಿ ಬರಲಿಲ್ಲ.

ಶಾಲೆಯಲ್ಲಿ ವಿಂಡೋಸ್, ಮನೆಯಲ್ಲಿ ಲಿನಕ್ಸ್ ಆದರೆ ಮಗು ಗೊಂದಲಕ್ಕೆ ಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಶಾಲೆಯಲ್ಲಿ ಗ್ರಾಂಥಿಕ ಕನ್ನಡ, ಮನೆಯಲ್ಲಿ ಆಡುಗನ್ನಡ ಕಲಿತು ನಾವು ಯಾರೂ ಗೊಂದಲಕ್ಕೆ ಬೀಳಲಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸನ್ನೇ ಬಳಸಿ ಮಕ್ಕಳಿಗೆ ಗಣಕ ಕಲಿಸುತ್ತ ಬಂದಿವೆ.

ಇಷ್ಟು ಹೊತ್ತು ಯಂತ್ರದ ಮಾತಾಯಿತು. ವಿದ್ಯೆಯ ಮಾತು ಬಾಕಿಯಿದೆ. ಮಕ್ಕಳು ಪ್ರೋಗ್ರಾಮು ಬರೆಯಬಹುದು ಎಂಬ ಕಲ್ಪನೆಗೆ ಅರ್ಧ ಶತಮಾನ ಮೀರಿದ ವಯಸ್ಸಾಗಿದೆ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ವಾಲಿ ಫೋರ್ಜಿಗ್, ಸಿಂಥಿಯಾ ಸಾಲಮನ್ ಮೊದಲಾದವರು ಲೋಗೋ ಎಂಬ ಭಾಷೆಯನ್ನು ಮಕ್ಕಳಿಗಾಗಿ ರೂಪಿಸಿದರು. ಪೇಪರ್ಟ್ ಅದಕ್ಕೆ ಮುಂಚೆ ಜಿನೀವಾದಲ್ಲಿ ಪಿಯಾಜೆ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರೊಡನೆ ಇದ್ದವರು. ಲೋಗೋದಲ್ಲಿ ಒಂದು ಆಮೆ. ಇಷ್ಟು ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದರೆ ಆಮೆ ಹೋದ ದಾರಿಯಲ್ಲಿ ಗೆರೆ ಮೂಡುತ್ತದೆ. ಮಗುವಿಗೆ ಸಂದೇಹ ಬಂದರೆ ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡಬಹುದು. ತಪ್ಪು ಬಂದರೆ ಅದು ಅಂಕ ಕಳೆಯುವ ತಪ್ಪಲ್ಲ, ಎಲ್ಲಿ ಹೇಗಾಯಿತೆಂದು ಹುಡುಕಿ ತಿದ್ದುವ ತಪ್ಪು. ಪೇಪರ್ಟ್ ತಮ್ಮ ಈ ವಿಚಾರಗಳನ್ನು ‘ಮೈಂಡ್‌ಸ್ಟಾರ್ಮ್ಸ್’ ಎಂಬ ಪುಸ್ತಕದಲ್ಲಿ 1980ರಲ್ಲಿ ಪ್ರಕಟಿಸಿದರು. ಆ ಆಮೆ ಇನ್ನೂ ಬದುಕಿದೆ. 1991ರಲ್ಲಿ ಗೀಡೋ ವಾನ್ ರಾಸಮ್ ಹೊರತಂದ ಪೈಥಾನ್ ಭಾಷೆಯ ಜೊತೆಯಲ್ಲಿ ಸಿಗುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೆ, ಬಣ್ಣದ ಬಿಲ್ಲೆಗಳನ್ನು ಒಂದಕ್ಕೊಂದು ಜೋಡಿಸಿ ಆಟ ಕಟ್ಟುವ ಸ್ಕ್ರ್ಯಾಚ್ ಇದೆ. ಅದು 2007ರಲ್ಲಿ ಎಂ.ಐ.ಟಿ.ಯಿಂದ ಬಂದದ್ದು.

ನಮ್ಮ ಹುಡುಗಿ ಆಮೆಯಿಂದ ಚೌಕ ಬರೆಸಿದಳು. ನಾಲ್ಕು ಸಲ ಮುಂದೆ, ನಾಲ್ಕು ಸಲ ತೊಂಬತ್ತು ಅಂಶ ತಿರುವು. ಮರುದಿನ ತ್ರಿಕೋನಕ್ಕೆ ಅರವತ್ತು ಅಂಶ ಎಂದು ಕೊಟ್ಟರೆ ಆಮೆ ಎಲ್ಲೋ ಹೊರಟುಹೋಯಿತು. ಪುಸ್ತಕದಲ್ಲಿ ಅರವತ್ತೆಂದೇ ಇದೆಯಲ್ಲ ಎಂದು ಅವಳ ತಕರಾರು. ಹಜಾರದ ನೆಲದಲ್ಲಿ ನಡೆದು ನೋಡೆಂದೆ. ಮೂಲೆಯಲ್ಲಿ ನಿಂತು ತಿರುಗಿದಾಗ, ಮೈ ತಿರುಗಬೇಕಾದದ್ದು ಒಳಗೋನದಷ್ಟಲ್ಲ, ಹೊರಗೋನದಷ್ಟು ಎಂದು ಹೊಳೆಯಿತು: ನೂರ ಇಪ್ಪತ್ತು. ಯಾವ ಬಹುಭುಜವನ್ನಾದರೂ ಒಂದು ಸುತ್ತು ಬಂದರೆ ಒಟ್ಟು ತಿರುವು ಮುನ್ನೂರ ಅರವತ್ತೇ ಎಂಬುದನ್ನು ನಾನು ಹೇಳಿಕೊಡಲಿಲ್ಲ; ಅವಳೇ ಬಂದು ನನಗೆ ಹೇಳಿದಳು. ಆ ಹಳೆಯ ಯಂತ್ರಕ್ಕೆ ಈ ಕೆಲಸ ಬೆವರು ಬರಿಸುವಂಥದಲ್ಲ. ಒಂದು ಮಗು ವರ್ಷವೆಲ್ಲ ಬರೆಯುವ ಪ್ರೋಗ್ರಾಮುಗಳನ್ನು ಒಟ್ಟುಮಾಡಿದರೂ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು ಜಾಗ ಹಿಡಿಯಲಾರವು. ಇಲ್ಲಿ ಬೇಕಾದದ್ದು ಬಲವಲ್ಲ, ಕೂಡಲೇ ಉತ್ತರ. ಬರೆದ ಕ್ಷಣದಲ್ಲಿ ಆಮೆ ಓಡಿದರೆ ಮಗು ಇನ್ನೊಂದನ್ನು ಬರೆಯುತ್ತದೆ. ನಿಮಿಷ ಕಾಯಿಸಿದರೆ ಎದ್ದುಹೋಗುತ್ತದೆ.

ಸಾಹಿತ್ಯದ ಓದುಗರಿಗೆ ರುಚಿಸಬಹುದಾದ ಒಂದು ಸಂಗತಿ ಹೇಳುತ್ತೇನೆ. ಮಿಂಟಿನಲ್ಲಿ ಕನ್ನಡದ ಕೀಲಿಮಣೆಯೂ ಇದೆ, ಕೆ. ಪಿ. ರಾವ್ ಅವರು ರೂಪಿಸಿದ, ನಾವು ಕ.ಗ.ಪ. ಎಂದು ಕರೆಯುವ ವಿನ್ಯಾಸವನ್ನೇ ಆರಿಸಿಕೊಳ್ಳಬಹುದು. ಪೈಥಾನ್ ತನ್ನ ಮೂರನೆಯ ಆವೃತ್ತಿಯಿಂದ, ಎಂದರೆ 2008ರಿಂದ, ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡಲು ಒಪ್ಪುತ್ತದೆ. ಆಜ್ಞೆಯ ಪದಗಳು ಇಂಗ್ಲಿಷಿನವೇ. ಆದರೆ ಲೆಕ್ಕಕ್ಕೆ ‘ವಯಸ್ಸು’ ಎಂದೋ ‘ಮೊತ್ತ’ ಎಂದೋ ಹೆಸರಿಟ್ಟರೆ ಅದು ತಕರಾರು ಮಾಡುವುದಿಲ್ಲ. ಹುಡುಗಿ ಒಂದು ದಿನ, ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದಗಳನ್ನು ಗುರುತಿಸುವ ಪ್ರೋಗ್ರಾಮು ಬರೆದಳು. ಇಂಗ್ಲಿಷ್ ಪದಗಳಿಗೆ ಸರಿಯಾಗಿ ಉತ್ತರ ಬಂತು. ಕನ್ನಡದಲ್ಲಿ ಯಾವುದು ಕೊಡಲಿ ಮಾವ ಎಂದಳು. ತೆನಾಲಿ ರಾಮಕೃಷ್ಣನ ಹೆಸರಿನೊಡನೆ ಬೆರೆತಿರುವ ‘ವಿಕಟಕವಿ’ಗಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ಕೊಟ್ಟಳು. ಯಂತ್ರ, ‘ಅಲ್ಲ’ ಎಂದಿತು.

ಕಾರಣ ಹುಡುಕಲು ಎರಡು ಸಂಜೆ ಹಿಡಿಯಿತು. ನಾವು ‘ವಿ’ ಎಂಬುದನ್ನು ಒಂದು ಅಕ್ಷರವೆಂದು ಎಣಿಸುತ್ತೇವೆ. ಯಂತ್ರದ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಅದು ಎರಡು: ಮೊದಲು ವ, ಬಳಿಕ ಗುಣಿತದ ಚಿಹ್ನೆ. ತಿರುವುಮುರುವು ಮಾಡಿದಾಗ ಗುಣಿತ ಮೊದಲು ಬಂದು, ವ ಆಮೇಲೆ ಬಂದು, ತಲೆಯಿಲ್ಲದ ಗುಡಿಸು ಬೀದಿಯಲ್ಲಿ ಒಂಟಿಯಾಗಿ ನಿಂತಿತು. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರವೆಂದು ಕೇಳಿದರೆ ನಾವು ಮೂರು ಎನ್ನುತ್ತೇವೆ. ಪೈಥಾನ್ ಐದು ಎನ್ನುತ್ತದೆ: ಕ, ನ, ಹಲಂತ, ನ, ಡ. ಆಗ ಅವಳು ನಿಯಮ ಕಟ್ಟಬೇಕಾಯಿತು. ಗುಣಿತದ ಚಿಹ್ನೆಯೋ ಹಲಂತವೋ ಬಂದರೆ ಅದನ್ನು ಹಿಂದಿನದಕ್ಕೆ ಅಂಟಿಸು. ಹಿಂದಿನದು ಹಲಂತದಲ್ಲಿ ಮುಗಿದಿದ್ದರೆ ಮುಂದಿನ ವ್ಯಂಜನವನ್ನೂ ಅಂಟಿಸು. ಹೀಗೆ ಕಟ್ಟಾದ ಗಂಟುಗಳನ್ನು ಅಕ್ಷರವೆಂದು ಎಣಿಸಿ ತಿರುಗಿಸು. ಅದು ಒತ್ತಕ್ಷರದ ಲಕ್ಷಣವೇ ಅಲ್ಲವೇ? ನಲವತ್ತು ಮಕ್ಕಳ ತರಗತಿಯಲ್ಲಿ ವರ್ಷಗಟ್ಟಲೆ ನಾನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ ವ್ಯಾಕರಣವನ್ನು, ಯಂತ್ರವೊಂದು ‘ಅಲ್ಲ’ ಎಂದ ಹಟಕ್ಕೆ ಈ ಹುಡುಗಿ ತಾನೇ ಕಂಡುಕೊಂಡಳು. ವಿಕಟಕವಿ ಗೆದ್ದ. ಹಿಂದೆಯೇ ಛಂದಸ್ಸು ಬಂತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕರದು ಐದು, ಐದರದು ಎಂಟು. ಪ್ರತಿಯೊಂದೂ ಹಿಂದಿನ ಎರಡರ ಮೊತ್ತ. ಹೇಮಚಂದ್ರನೇ ಮೊದಲಾದ ನಮ್ಮ ಹಿಂದಿನ ಛಂದಶ್ಶಾಸ್ತ್ರಜ್ಞರು ಕಂಡ ಈ ಸಾಲಿಗೆ ಪಶ್ಚಿಮದಲ್ಲಿ ಫಿಬೊನಾಚಿಯ ಹೆಸರು ಅಂಟಿದೆ. ಪ್ರಸ್ತಾರವನ್ನು ತಾನೇ ಬರೆದು ತೋರಿಸುವ ಪ್ರೋಗ್ರಾಮು ಈಗ ಅವಳ ಕೈಯಲ್ಲಿ ಅರ್ಧ ಆಗಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇತಿಮಿತಿಗಳನ್ನು ಹೇಳದಿದ್ದರೆ ವರ್ತಕನ ಮಾತಾದೀತು. ಎಲ್ಲ ಹಳೆಯ ಯಂತ್ರಗಳಿಗೂ ಕಲಾಯಿ ಹಿಡಿಯುವುದಿಲ್ಲ. ಸಂಸ್ಕಾರಕ 32 ಬಿಟ್ಟಿನದಾದರೆ ಬಿಟ್ಟುಬಿಡಿ. ಮಿಂಟ್ 2020ರಲ್ಲೇ ಅದನ್ನು ಕೈಬಿಟ್ಟಿದೆ, ಡೆಬಿಯನ್ ಕೂಡ 2025ರ ಆವೃತ್ತಿಯಿಂದ ಅಂಥವುಗಳ ಮೇಲೆ ಹೊಸದಾಗಿ ಸ್ಥಾಪಿಸಲು ಬರುವುದಿಲ್ಲ. ರ್‍ಯಾಮು 2 ಜಿ.ಬಿ.ಯಲ್ಲೇ ಬೆಸೆದುಹೋಗಿದ್ದರೆ ಹಣ ಸುರಿಯಬೇಡಿ. ಪರದೆ ಒಡೆದು, ಕೀಲಿಮಣೆ ಸತ್ತು, ಕೀಲು ಮುರಿದಿದ್ದರೆ ಎಲ್ಲವನ್ನೂ ಕೂಡಿಸಿದಾಗ ಇನ್ನೊಂದು ಸುಸ್ಥಿತಿಯ ಹಳೆಯ ಯಂತ್ರವೇ ಅಗ್ಗವಾದೀತು. ದೊಡ್ಡ ಆಟಗಳು, ವಿಡಿಯೋ ಸಂಕಲನ, ಆಂಡ್ರಾಯ್ಡ್ ಫೋನಿಗೆ ಆ್ಯಪ್ ಕಟ್ಟುವ ಭಾರದ ಸಾಧನಗಳು ಇದರಿಂದ ಆಗದು. ಹುಡುಗಿ ಕಾಲೇಜು ಸೇರುವ ಹೊತ್ತಿಗೆ ಬೇರೆ ಯಂತ್ರ ಬೇಕಾದೀತು.

ಕೇಳಿದ ಕ್ಷಣದಲ್ಲಿ ಪ್ರೋಗ್ರಾಮು ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳು 2022ರ ಕೊನೆಯಿಂದ ಮನೆಮಾತಾಗಿವೆ. ಅವು ದೂರದ ಯಾವುದೋ ಯಂತ್ರಶಾಲೆಯಲ್ಲಿ ಕೆಲಸ ಮಾಡುವುದರಿಂದ ನಮ್ಮ ಮುದಿ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಸಿಗುತ್ತವೆ. ಅವಕ್ಕೆ ನಾನು ವಿರೋಧಿಯಲ್ಲ. ನಮ್ಮ ಕಾಲದ ಗೈಡು ಪುಸ್ತಕಗಳನ್ನು ಎಲ್ಲಿಡುತ್ತಿದ್ದೆನೋ ಅಲ್ಲಿಯೇ ಅವನ್ನೂ ಇಟ್ಟಿದ್ದೇನೆ: ಸ್ವಂತ ಉತ್ತರ ಬರೆದ ಮೇಲೆ ತೆಗೆದು ನೋಡುವ ಕಪಾಟಿನಲ್ಲಿ. ವಿಕಟಕವಿಯ ಆ ಎರಡು ಸಂಜೆ ಅವುಗಳನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಕಡೆಯದಾಗಿ ಬ್ಯಾಟರಿಯ ವಿಷಯ, ಇದರಲ್ಲಿ ಉದಾಸೀನ ಕೂಡದು. ಹಳೆಯ ಲಿಥಿಯಮ್ ಬ್ಯಾಟರಿ ಉಬ್ಬಿಕೊಂಡಿದ್ದರೆ, ಯಂತ್ರದ ತಳ ಮೇಜಿನ ಮೇಲೆ ಸಮನಾಗಿ ಕೂರದೆ ತೂಗಿದರೆ, ಅದನ್ನು ಕೂಡಲೇ ಬಳಕೆಯಿಂದ ತೆಗೆಯಬೇಕು. ಒತ್ತುವುದು, ಚುಚ್ಚುವುದು, ಬಿಸಿಲಿಗಿಡುವುದು ಯಾವುದೂ ಸಲ್ಲದು. ಮನೆಯ ಕಸದೊಡನೆ ಎಸೆಯದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ನಮ್ಮದು ಉಬ್ಬಿರಲಿಲ್ಲ, ಆದರೆ ಹತ್ತು ನಿಮಿಷಕ್ಕೆ ಬರಿದಾಗುತ್ತಿತ್ತು. ಹೊಸದನ್ನು ಕೊಳ್ಳುವವರೆಗೆ ಅದನ್ನು ಕಳಚಿಟ್ಟು, ನೇರ ವಿದ್ಯುತ್ತಿನಿಂದಲೇ ನಡೆಸುತ್ತಿದ್ದೇವೆ. ಕರೆಂಟು ಹೋದಾಗ ಬರೆದದ್ದೂ ಹೋಗುತ್ತದೆಂದು ಎರಡು ಸಲ ಕಂಡ ಹುಡುಗಿ ಈಗ ನಾಲ್ಕು ಸಾಲಿಗೊಮ್ಮೆ ಉಳಿಸಿಕೊಳ್ಳುತ್ತಾಳೆ.